ಐದೂವರೆ ತಾಸು

ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಖಣದ ಬಟ್ಟೆಯಲ್ಲಿ ಹೊಲಿಸಿದ ಕುರ್ತಾ ಹಾಕಿಕೊಂಡು ಬಂದಿದ್ದಳು. ಗಾಡಿಯ ಮೇಲೆ ಬರುವಾಗ ಪೂರ್ತಿ ತೊಯ್ದುಬಿಟ್ಟಿದ್ದಳು. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಫ್ಯಾನು ಹಾಕಿದಳು, ಒದ್ದೆ ಖಣದ ವಾಸನೆ ಎದ್ದಿತು. ಹೊಸ ಖಣಕ್ಕೆ ಗಂಜಿ ಮತ್ತು ಬಣ್ಣ ಸೇರಿದ ಒಂದು ವಾಸನೆ ಇರುತ್ತದೆ, ನೀರು ಬಿದ್ದರೆ ಅದು ಇನ್ನೂ ಜೋರಾಗುತ್ತದೆ. ನಾನು ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ನಿಂತೆ. ತನ್ನಿಂದ ಏನೋ ತಪ್ಪಾಯಿತು ಎಂದುಕೊಂಡು ಆ ಹುಡುಗಿ ಹಿಂದೆಯೇ ಬಂದಳು. ಏನೂ ಇಲ್ಲ, ಹೋಗಿ ಕೆಲಸ ನೋಡು ಎಂದು ಕಳಿಸಿದೆ.

ನಮ್ಮಪ್ಪ ಖಣದ ವ್ಯಾಪಾರಿ. ಗುಳೇದಗುಡ್ಡದಿಂದ ಖಣ ತರಿಸಿ ಪುಣೆಯ ಸುತ್ತಮುತ್ತಲಿನ ಸಣ್ಣ ಪೇಟೆಗಳ ಅಂಗಡಿಗಳಿಗೆ ಹಾಕುತ್ತಿದ್ದ. ಈಗ ಖಣ ಫ್ಯಾಶನ್ ಆಗಿದೆ, ಅದರಲ್ಲಿ ಪರ್ಸು, ದೀಪದ ಶೇಡು, ಲ್ಯಾಪ್‌ಟಾಪಿನ ಚೀಲ ಎಲ್ಲ ಮಾಡುತ್ತಾರೆ. ಅಪ್ಪನ ಕಾಲದಲ್ಲಿ ಅದು ಹಳ್ಳಿಯ ಹೆಂಗಸರ ಕುಪ್ಪಸದ ಬಟ್ಟೆ. ಅವನಿಗೆ ಅರವತ್ತು ದಾಟಿದ ಮೇಲೂ, ಎದೆನೋವು ಬಂದು ಡಾಕ್ಟರು ಬೈದ ಮೇಲೂ, ಸ್ಕೂಟರಿನ ಹಿಂದೆ ಗಂಟು ಕಟ್ಟಿಕೊಂಡು ತಿರುಗುವುದನ್ನು ಬಿಡಲಿಲ್ಲ. ಕೂತರೆ ತುಕ್ಕು ಹಿಡಿಯುತ್ತೇನೆ ಎನ್ನುತ್ತಿದ್ದ. ಹೇಳಿ ಹೇಳಿ ಸಾಕಾಗಿ, ಎದೆಬಡಿತ ಎಣಿಸುವ ಒಂದು ಅಗ್ಗದ ಕೈಗಡಿಯಾರ ತಂದು ನಾನೇ ಅವನ ಮುಂಗೈಗೆ ಕಟ್ಟಿದೆ.

ಆಗ ನಾನು ಮಾಡುತ್ತಿದ್ದ ಕೆಲಸವನ್ನೂ ಹೇಳಬೇಕು, ಉಳಿದದ್ದೆಲ್ಲ ಅದಕ್ಕೇ ಬಂದು ತಗಲುತ್ತದೆ. ಪುಣೆಯ ಧನಕವಡಿಯಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ದವಾಖಾನೆ, ಕ್ಲಾಸು, ಮದುವೆ ಹಾಲು ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುತ್ತೇವೆ. ಕಂಪ್ಯೂಟರಿಗೆ ತಾರೀಖು, ವಾರ, ತಿಂಗಳು ಯಾವುದೂ ಗೊತ್ತಿಲ್ಲ. ಗೊತ್ತಿರುವುದು ಎಣಿಸುವುದೊಂದೇ. ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಜನವರಿ ಒಂದರಿಂದ, ಅದೂ ಇಂಗ್ಲೆಂಡಿನ ಗಡಿಯಾರದ ಪ್ರಕಾರ, ಸೆಕೆಂಡು ಎಣಿಸುತ್ತ ಕೂತಿದೆ. ಯಾವ ಗಳಿಗೆಯನ್ನು ಕೇಳಿದರೂ ಒಂದು ಉದ್ದನೆಯ ಅಂಕಿಯನ್ನು ಮುಖಕ್ಕೆ ಹಿಡಿಯುತ್ತದೆ. ಅದನ್ನು ಮನುಷ್ಯರು ಓದುವ ತಾರೀಖು ಮಾಡಿ ತೋರಿಸುವುದು ನಮ್ಮ ಪಾಲಿನ ಕೂಲಿ. ಕೇಳಲಿಕ್ಕೆ ಸಲೀಸು. ಮಾಡಲಿಕ್ಕೆ ಕೂತರೆ ತಲೆ ಕೆಡುತ್ತದೆ, ಒಂದು ದಿನ ಹಿಂದೆ ತೋರಿಸಿತು, ಒಂದು ತಿಂಗಳು ಮುಂದೆ ತೋರಿಸಿತು ಎಂದು ಗಿರಾಕಿಗಳು ಬೈಯುತ್ತಲೇ ಇರುತ್ತಾರೆ.

ಇದನ್ನೊಮ್ಮೆ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದ್ದೆ. ಅವನು ಕೈ ತಟ್ಟೆಯಲ್ಲಿಟ್ಟುಕೊಂಡೇ ಕೇಳಿದ, "ನಾ ಅರವತ್ತನಾಲ್ಕರಾಗ ಹುಟ್ಟೇನಿ. ಹಂಗಾದ್ರ ನಿನ್ನ ಕಂಪ್ಯೂಟರಿನ ಲೆಕ್ಕದಾಗ ನಾ ಹುಟ್ಟೇ ಇಲ್ಲನು?"

"ಹುಟ್ಟೀದಿ ಅಪ್ಪಾ. ಮೈನಸ್ಸಿನಾಗ ಹುಟ್ಟೀದಿ."

"ಛಲೋ ಆತು. ಹುಟ್ಟಿದ್ದೂ ನಷ್ಟದ ಬಾಬತ್ತೇ." ಅವ್ವನ ಕಡೆ ತಿರುಗಿ ಹೇಳಿದ, "ಇದಕ್ಕಿಂತ ನಿನ್ನ ಪಂಚಾಂಗ ವಾಸಿ ನೋಡು. ಒಂದಿಷ್ಟು ಮರ್ಯಾದಿ ಆದ್ರೂ ಕೊಡ್ತದ."

ಅವ್ವನ ಪಂಚಾಂಗಜ್ಞಾನ ನಮ್ಮ ಮನೆಯಲ್ಲಿ ಚೇಷ್ಟೆಯ ವಸ್ತು. ಅವಳಿಗೆ ಇವತ್ತು ಎಷ್ಟನೇ ತಾರೀಖು ಎಂದರೆ ತಡವರಿಸುತ್ತಾಳೆ, ತಿಥಿ ಕೇಳಿದರೆ ಒಲೆಯ ಮುಂದಿನಿಂದಲೇ ಉತ್ತರ ಬರುತ್ತದೆ. ಶಾಲೆಗೆ ಹಾಕುವಾಗ ನಾನೂ ತಮ್ಮ ಗುರುವೂ ಹುಟ್ಟಿದ ತಾರೀಖುಗಳನ್ನು ಬರೆಸಿದ್ದು ಅಪ್ಪ. ಅವ್ವನಿಗೆ ನಾನು ಕಾರ್ತೀಕ ಶುದ್ಧ ಪಂಚಮಿ, ಅಷ್ಟೇ.

ಆ ವರ್ಷ ಆಷಾಢದಲ್ಲಿ ಮಳೆ ಬಿಡಲೇ ಇಲ್ಲ. ಗೋಡೆಗಳು ಬೆವರುತ್ತಿದ್ದವು, ಒಣಗದ ಬಟ್ಟೆ ಮನೆಯ ತುಂಬ ಜೋತಾಡುತ್ತಿತ್ತು. ಸಂಕಷ್ಟಿಯ ದಿನ ಬೆಳಿಗ್ಗೆ ಒಂದಿಷ್ಟು ಹೊಳವಾಯಿತು ಎಂದು ಅಪ್ಪ ಭೋರ್ ಊರಿನ ಕಡೆ ಹೊರಟ. ಇಷ್ಟು ಮಳೆಯಲ್ಲಿ ಬೇಡ ಎಂದು ಗುರು ಅಂದ. ಶ್ರಾವಣ ಬಂತು, ಮಂಗಳಗೌರಿಗೆ ಖಣ ಬೇಕು, ಈಗ ಹೋಗದಿದ್ದರೆ ಯಾವಾಗ ಎಂದು ಅಪ್ಪ ರೇನ್‌ಕೋಟಿನ ಗುಂಡಿ ಹಾಕಿಕೊಂಡ. ಚಂದ್ರೋದಯದ ಹೊತ್ತಿಗೆ ಬಂದುಬಿಡು ಎಂದು ಅವ್ವ ಹೇಳಿದ್ದು ನನಗೂ ಕೇಳಿಸಿತು. ಅವಳದು ಆ ದಿನ ಉಪವಾಸ.

ಹತ್ತೂವರೆಯ ಸುಮಾರಿಗೆ ಭೋರಿನಿಂದ ಗುರುವಿಗೆ ಅಪ್ಪನ ಫೋನು ಬಂತು. ಇಲ್ಲಿಯ ಅಂಗಡಿಗಳು ಮುಗಿದವು, ಚಹಾ ಕುಡಿದು ಘಟ್ಟದ ಕಡೆಯ ಊರಿನ ಒಂದು ಅಂಗಡಿಗೆ ಹೋಗಿ ತಿರುಗುತ್ತೇನೆ ಎಂದ. ಅದೇ ಕೊನೆಯ ಮಾತು. ಸಂಜೆ ಕತ್ತಲಾದ ಮೇಲೆ ನಾವು ಫೋನು ಹಚ್ಚತೊಡಗಿದೆವು, ಅಷ್ಟೊತ್ತಿಗೆ ಅದು ಬಂದ್ ಆಗಿತ್ತು. ಮರುದಿನ ಬೆಳಿಗ್ಗೆ ಭೋರ್ ದಾಟಿದ ಮೇಲಿನ ಒಂದು ತಿರುವಿನ ಕೆಳಗೆ, ಪೊದೆಗಳ ನಡುವೆ, ದನ ಹೊಡೆದುಕೊಂಡು ಹೊರಟವರಿಗೆ ಸ್ಕೂಟರು ಕಂಡಿತು. ಅಲ್ಲಿಂದ ಇನ್ನಷ್ಟು ಕೆಳಗೆ ಅಪ್ಪ. ಖಣದ ಗಂಟು ಬಿಚ್ಚಿ ಬಟ್ಟೆಗಳೆಲ್ಲ ಕಂಟಿಗಳ ಮೇಲೆ ಹರಡಿದ್ದವಂತೆ. ಆ ತೊಯ್ದ ಬಟ್ಟೆಗಳನ್ನು ಪೊಲೀಸರು ಒಂದು ಗೋಣಿಚೀಲದಲ್ಲಿ ತುಂಬಿ ನಮ್ಮ ಕೈಗೆ ಕೊಟ್ಟರು. ಅಪ್ಪನ ಜೊತೆ ಅದೂ ಮನೆಗೆ ಬಂತು.

ಡಾಕ್ಟರು ಸರಿಯಾದ ವೇಳೆ ಹೇಳಲಾರೆ ಎಂದರು. ಹಿಂದಿನ ದಿನವೇ ಹೋಗಿದ್ದಾರೆ, ಅಷ್ಟು ಖಾತ್ರಿ. ನಮಗೆ ಅಷ್ಟು ಸಾಕಾಗಿತ್ತು, ಸತ್ತ ಮೇಲೆ ವೇಳೆ ಕಟ್ಟಿಕೊಂಡು ಏನು ಮಾಡುವುದಿದೆ. ಆದರೆ ಕರ್ಮಕ್ಕೆ ಕೂತಾಗ ಭಟ್ಟರು ಕೇಳಿದರು. ನಮ್ಮ ಗಲ್ಲಿಯ ಹಿಂದಿನ ಚಾಳಿನಲ್ಲಿರುವ ಇವರು ವಿಜಾಪುರದ ಕಡೆಯವರು, ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಅವರೇ.

"ಆ ದಿವಸ ಮಧ್ಯಾಹ್ನಕ್ಕ ತದಿಗಿ ಮುಗದು ಚೌತಿ ಹತ್ತ್ಯದ್ರಿ," ಎಂದರು. "ದಿನದ ಲೆಕ್ಕಕ್ಕ ತೊಂದ್ರಿ ಇಲ್ಲ. ಆದ್ರ ಮುಂದ ತಿಂಗಳ ತಿಂಗಳ ಮಾಸಿಕ, ವರ್ಷಕ್ಕೊಮ್ಮೆ ಶ್ರಾದ್ಧ, ಎಲ್ಲಾ ಜೀವ ಹೋದ ತಿಥಿಗೇ ಮಾಡಬೇಕು. ಊಟಕ್ಕ ಮೊದಲು ಹೋದ್ರೋ, ಆಮ್ಯಾಲೆ ಹೋದ್ರೋ, ಅಷ್ಟು ಗೊತ್ತಾಗಬೇಕು."

ಗೋಡೆಗೆ ಒರಗಿ ಕೂತಿದ್ದ ಅವ್ವ ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಆಗ ಮಾತಾಡಿದಳು. "ತಿಥಿ ತಪ್ಪಿದ್ರ?"

"ತಪ್ಪಿದ್ರ ಅವರಿಗೆ ಮುಟ್ಟೂದಿಲ್ರಿ ಅವ್ವಾರ."

ಅವ್ವ ನನ್ನ ಮುಖ ನೋಡಿದಳು. ಅವಳಿಗೆ ಇನ್ನು ಅಪ್ಪನಿಗಾಗಿ ಮಾಡುವುದು ಎಂದು ಉಳಿದಿದ್ದದ್ದು ಇದೊಂದೇ. ಇನ್ನು ಅಡಿಗೆ ಇಲ್ಲ, ಗುಳಿಗೆ ನೆನಪಿಸುವುದಿಲ್ಲ, ಅಂಗಿಗೆ ಇಸ್ತ್ರಿ ಇಲ್ಲ. ತಿಂಗಳಿಗೊಂದು ದಿನ ಒಂದು ತುತ್ತು ಕಳಿಸುವುದು, ಅದೂ ಮುಟ್ಟದೆ ಹೋದರೆ ಅವಳ ಕೈಯಲ್ಲಿ ಏನೂ ಇರುತ್ತಿರಲಿಲ್ಲ. "ಹೆಂಗರ ಮಾಡಿ ಹುಡುಕು ಸುಮಾ," ಎಂದಳು. ನನಗೆ ದೇವರು ದಿಂಡರಲ್ಲಿ ಅಂಥ ನಂಬಿಕೆಯಿಲ್ಲ, ಅದು ಅವಳಿಗೂ ಗೊತ್ತು. ಆದರೂ ಹ್ಞೂಂ ಅಂದೆ.

ಆಗ ಗಡಿಯಾರದ ನೆನಪಾಯಿತು. ಅಪ್ಪನ ಫೋನು ನೀರು ಕುಡಿದು ಸತ್ತಿತ್ತು, ಗಡಿಯಾರ ಬದುಕಿತ್ತು. ಅದರ ಹೊಟ್ಟೆಯಲ್ಲಿ ಎದೆಬಡಿತದ ದಾಖಲೆ ಇತ್ತು, ಅದೂ ಬರೀ ಅಂಕಿಗಳ ಸಾಲು. ನನ್ನ ಕೈಯಿಂದ ಅದನ್ನು ತೆರೆಯಲಾಗಲಿಲ್ಲ. ಆಫೀಸಿನ ಅನಿಕೇತನಿಗೆ ಕೊಟ್ಟೆ. ನನ್ನ ಜೊತೆ ನಾಲ್ಕು ವರ್ಷದಿಂದ ಕೆಲಸ ಮಾಡುವವನು, ಸಾತಾರದವನು, ಅಪ್ಪ ಬಂದಾಗೆಲ್ಲ ಕೆಳಗಿನ ಬೇಕರಿಯಿಂದ ಖಾರಿ ಬಿಸ್ಕೀಟು ತರಿಸಿ ಕೊಡುತ್ತಿದ್ದವನು. ಅವನು ಅಂಕಿಗಳನ್ನು ಹೊರತೆಗೆದು, ನಮ್ಮ ಗಿರಾಕಿ ದವಾಖಾನೆಯೊಂದರ ವೆಬ್‌ಸೈಟಿಗೆ ತಾನೇ ಬರೆದಿದ್ದ ಕೋಡಿಗೆ ಕೊಟ್ಟು, ಕೊನೆಯ ಸಾಲು ನೋಡಿ ಅವತ್ತೇ ಮಧ್ಯಾಹ್ನ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ, "ತಾಈ, ತ್ಯಾಂನಾ ಕಾಹೀ ತ್ರಾಸ ಝಾಲಾ ನಾಹೀ." ಅಕ್ಕಾ, ಏನೂ ತ್ರಾಸಾಗಿಲ್ಲ ಅವರಿಗೆ. ಕೊನೆಯ ಬಡಿತ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ.

ಹತ್ತೂವರೆಗೆ ಫೋನು, ಆಮೇಲೆ ಚಹಾ, ಆ ತಿರುವು ತಲುಪಲಿಕ್ಕೆ ಬೇಕಾಗುವ ಹೊತ್ತು. ಎಲ್ಲ ತಾಳೆಯಾಯಿತು. ಬಿದ್ದದ್ದಷ್ಟೇ ತಡ, ಹೋಗಿಬಿಟ್ಟಿದ್ದ. ಗುರು ಮೊದಲ ಸಲ ಜೋರಾಗಿ ಅತ್ತ. ಬಂದವರೆಲ್ಲ ಅದನ್ನೇ ಹೇಳಿದರು, ಪುಣ್ಯವಂತರು, ಒಂದು ಕ್ಷಣವೂ ನರಳಲಿಲ್ಲ. ಅವ್ವ "ತದಿಗಿ" ಎಂದು ಒಮ್ಮೆ ತನಗೆ ತಾನೇ ಹೇಳಿಕೊಂಡು ಎದ್ದು, ಮೂರು ದಿನದ ನಂತರ ಹಲ್ಲುಜ್ಜಿ, ಎರಡು ತುತ್ತು ಅನ್ನ ತಿಂದಳು. ಅನಿಕೇತನ ಆ ಒಂದು ಮಾತು ನಮ್ಮ ಮನೆಯನ್ನು ನಿಲ್ಲಿಸಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಶ್ರಾವಣ ಬಂತು. ನಾನು ಕೆಲಸಕ್ಕೆ ಹೋಗತೊಡಗಿದೆ. ಮೊದಲ ಮಾಸಿಕಕ್ಕೆ ಇನ್ನೂ ಹತ್ತು ದಿನವಿದೆ ಎನ್ನುವಾಗ ಆ ದವಾಖಾನೆಯವರ ದೂರು ಬಂತು. ಬೆಳಗಿನ ಜಾವ ಬಂದ ರೋಗಿಗಳ ಹೆಸರಿನ ಮುಂದೆ ಹಿಂದಿನ ದಿನದ ತಾರೀಖು ಬೀಳುತ್ತಿದೆ, ಮಿಕ್ಕವರದು ಸರಿಯಾಗಿದೆ ಎಂದು. ಇಂಥ ದೂರು ನಮಗೆ ಹೊಸದಲ್ಲ. ನಾನು ಅನಿಕೇತನ ಕೋಡು ತೆಗೆದು ಕೂತೆ. ಪರೀಕ್ಷಿಸಲಿಕ್ಕೆ ಒಂದಿಷ್ಟು ಅಂಕಿಗಳು ಬೇಕಿದ್ದವು. ಅದೇ ಫೋಲ್ಡರಿನಲ್ಲಿ ಅಪ್ಪನ ಗಡಿಯಾರದ ಅಂಕಿಗಳು ಇದ್ದವು. ಮನಸ್ಸು ಗಟ್ಟಿ ಮಾಡಿಕೊಂಡು ಅವನ್ನೇ ಕೊಟ್ಟೆ. ಎಷ್ಟು ದಿನ ಅಂತ ಮುಟ್ಟದೆ ಇರುವುದು ಎನ್ನಿಸಿತ್ತು.

ಕೊನೆಯ ದಿನವನ್ನು ನೋಡಲಿಲ್ಲ. ಅದರ ಹಿಂದಿನ ವಾರ ನೋಡಿದೆ. ದಿನಾ ಅರ್ಧರಾತ್ರಿ ಹನ್ನೆರಡೂವರೆಯಿಂದ ಒಂದೂವರೆ ತನಕ ಅಪ್ಪನ ಎದೆಬಡಿತ ಏರುತ್ತಿತ್ತು, ಸಾವಿರಾರು ಹೆಜ್ಜೆಗಳು ಬೀಳುತ್ತಿದ್ದವು. ಅರ್ಧರಾತ್ರಿ ಅಪ್ಪ ಎಲ್ಲಿ ನಡೆಯುತ್ತಿದ್ದ? ಒಂಬತ್ತೂವರೆಗೆ ಮಲಗಿದರೆ ಅವನ ಗೊರಕೆಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಅವನು ನಡೆಯುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ, ತಳಜಾಯಿ ಗುಡ್ಡದಲ್ಲಿ. ಆರಕ್ಕೆ.

ನಮ್ಮ ಸರ್ವರಿನ ಗಡಿಯಾರ ಇಂಗ್ಲೆಂಡಿನದು. ಅನಿಕೇತನ ಕೋಡು ಅಂಕಿಯನ್ನು ತಾರೀಖು ಮಾಡುವಾಗ ನಮ್ಮ ಹೊತ್ತಿಗೆ ತಿರುಗಿಸಿರಲಿಲ್ಲ, ಅಲ್ಲಿಯ ಹೊತ್ತನ್ನೇ ಬರೆದಿತ್ತು. ನಾವು ಅವರಿಗಿಂತ ಐದೂವರೆ ತಾಸು ಮುಂದೆ. ಅಪ್ಪನ ಕೊನೆಯ ಬಡಿತ ಹನ್ನೊಂದು ಇಪ್ಪತ್ತಕ್ಕಲ್ಲ. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ.

ಮಿಕ್ಕದ್ದನ್ನೂ ನಮ್ಮ ಹೊತ್ತಿಗೆ ತಿರುಗಿಸಿ ನೋಡಿದೆ. ನೋಡಬಾರದಿತ್ತು. ಹನ್ನೊಂದರ ಸುಮಾರಿಗೆ ಬಡಿತ ಒಮ್ಮೆಲೇ ಏರಿತ್ತು, ಅದೇ ಬಿದ್ದ ಹೊತ್ತು. ಅಲ್ಲಿಂದ ಮುಂದೆಯೂ ಸಾಲುಗಳಿದ್ದವು, ಪುಟದಿಂದ ಪುಟಕ್ಕೆ. ನಡುನಡುವೆ ಹೆಜ್ಜೆಗಳೂ ಇದ್ದವು. ಅಪ್ಪನ ಕಾಲು ತೊಡೆಯ ಹತ್ತಿರ ಮುರಿದಿತ್ತು, ಹೆಜ್ಜೆ ಇಡುವಂತಿರಲಿಲ್ಲ. ಕೈ ಆಡಿಸಿದರೂ ಈ ಅಗ್ಗದ ಗಡಿಯಾರಗಳು ಹೆಜ್ಜೆ ಎಂದೇ ಎಣಿಸುತ್ತವೆ. ಮೇಲೆ ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿದಾಗೆಲ್ಲ ಅವನು ಕೈ ಬೀಸಿರಬೇಕು. ಮೂರು ಗಂಟೆಯ ತನಕ ಬೀಸಿದ್ದ. ಆಮೇಲೆ ಬಡಿತ ಮಾತ್ರ.

ಅನಿಕೇತ ಪಕ್ಕದ ಟೇಬಲ್ಲಿನಿಂದ ಏನಾಯಿತು ತಾಈ ಎಂದ. ದವಾಖಾನೆಯ ತೊಂದರೆ ಸಿಕ್ಕಿತು, ಹೊತ್ತು ನಮ್ಮದಕ್ಕೆ ತಿರುಗಿಸಿಲ್ಲ ಎಂದೆ. ಅವನು ಬಂದು ಬಗ್ಗಿ ನೋಡಿ, ಹಣೆ ಬಡಿದುಕೊಂಡು, ಒಂದು ಸಾಲು ಸೇರಿಸಿದ. ಅಷ್ಟೇ, ಒಂದೇ ಸಾಲು ಎಂದು ನಕ್ಕ. ಅವನಿಗೆ ಅಪ್ಪನ ಅಂಕಿಗಳ ನೆನಪು ಬರಲಿಲ್ಲ. ನಾನು ಹೇಳಲೂ ಇಲ್ಲ. ಅವನಿಗೆ ಹೇಳಿ ಏನು ಸಾಧಿಸುವುದಿತ್ತು, ಒಬ್ಬಳು ನಿದ್ದೆಗೆಡುವ ಬದಲು ಇಬ್ಬರಾಗುತ್ತಿದ್ದೆವು.

ಗುರುವಿಗೆ ಹೇಳಲೇಬೇಕಾಯಿತು, ಮಾಸಿಕ ಮಾಡುವವನು ಅವನೇ. ಸ್ವಾರಗೇಟಿನ ಹತ್ತಿರ ನಮ್ಮ ಗೋದಾಮಿನ ಬಾಗಿಲಲ್ಲಿ ನಿಂತು ಹೇಳಿದೆ.

"ಅವ್ವಗ ಹೇಳಬ್ಯಾಡ," ಎಂದ. "ಹೇಳಿದ್ರ ಆಕಿ ಉಳಿಯೂದಿಲ್ಲ."

"ಹೇಳೂದಿಲ್ಲ. ಆದ್ರ ತಿಥಿ ಬದಲ್ ಆಗ್ತದ ಗುರು. ತದಿಗಿ ಅಲ್ಲ, ಚೌತಿ."

"ಚೌತಿ ಆದ್ರ ಏನು, ಅಮಾಸಿ ಆದ್ರ ಏನು? ಅಪ್ಪ ಬಂದು ಉಣ್ತಾನೇನು? ನೀನಽ ಇವನ್ನೆಲ್ಲಾ ನಂಬೂದಿಲ್ಲ."

ಅವನು ಹೇಳಿದ್ದು ನಿಜ. ನಾನು ನಂಬುವುದಿಲ್ಲ. ಅವ್ವ ನಂಬುತ್ತಾಳೆ. ತಪ್ಪು ತಿಥಿಗೆ ಮಾಡಿಸಿದರೆ ಅವಳು ಬದುಕಿರುವ ತನಕ ಪ್ರತಿ ತಿಂಗಳು, ಪ್ರತಿ ವರ್ಷ, ಮುಟ್ಟದ ಊಟ ಬಡಿಸುತ್ತಿರುತ್ತಾಳೆ, ಮತ್ತು ಅದು ನಮಗಿಬ್ಬರಿಗೆ ಮಾತ್ರ ಗೊತ್ತಿರುತ್ತದೆ. ಇನ್ನೊಂದು ಮಾತು ನಾನು ಅವನಿಗೆ ಹೇಳಲಿಲ್ಲ. ಆ ಐದೂವರೆ ತಾಸು ಅಪ್ಪನ ಪಾಲಿಗೆ ಯಾರೂ ಬರಲಿಲ್ಲ. ಈಗ ತದಿಗೆ ಎಂದುಬಿಟ್ಟರೆ ಆ ಹೊತ್ತು ಇರಲೇ ಇಲ್ಲ ಎಂದಂತಾಗುತ್ತಿತ್ತು. ಅದು ನನ್ನಿಂದಾಗಲಿಲ್ಲ.

ಭಟ್ಟರ ಮನೆಗೆ ನಾನೊಬ್ಬಳೇ ಹೋದೆ. ಅವರು ಎಲ್ಲ ಕೇಳಿಕೊಂಡರು. ಅವರ ಹೆಂಡತಿ ತಂದಿಟ್ಟ ನೀರನ್ನು ನಾನೂ ಮುಟ್ಟಲಿಲ್ಲ, ಅವರೂ ಮುಟ್ಟಲಿಲ್ಲ.

"ಅವ್ವಾರಿಗೆ ಏನಂತ ಹೇಳೂದ್ರಿ?" ಎಂದರು.

"ನೀವಽ ಏನರ ಹೇಳ್ರಿ. ನಿಮ್ಮ ಮಾತು ನಂಬ್ತಾಳ."

ಮರುದಿನ ಅವರು ಮನೆಗೆ ಬಂದು, ಪಂಚಾಂಗ ಪಂಚಾಂಗಕ್ಕೆ ವ್ಯತ್ಯಾಸ ಬರುತ್ತದೆ, ಮಠದ ಪಂಚಾಂಗ ತೆಗೆದು ನೋಡಿದೆ, ಚೌತಿಗೇ ಮಾಡುವುದು ಸರಿ ಎಂದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತು. ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ, "ಹಂಗಽ ಆಗ್ಲಿರಿ," ಎಂದಳು. ನಾನೂ ಗುರುವೂ ಒಬ್ಬರನ್ನೊಬ್ಬರು ನೋಡಿ ಉಸಿರು ಬಿಟ್ಟೆವು. ಇಷ್ಟು ಸಲೀಸಾಗಿ ಒಪ್ಪಿದಳಲ್ಲ ಎಂದುಕೊಂಡೆವು. ಜಗತ್ತಿನ ಯಾವ ಅಂಕಿಯನ್ನು ಕೊಟ್ಟರೂ ತಾರೀಖು ಮಾಡುತ್ತೇನೆ ಎಂದು ಬೀಗುತ್ತಿದ್ದ ನನಗೆ ನಮ್ಮ ಅವ್ವ ಯಾರು ಎನ್ನುವುದೇ ಆ ಹೊತ್ತಿಗೆ ಮರೆತುಹೋಗಿತ್ತು.

ಚೌತಿಯ ದಿನ ಮಾಸಿಕ ಆಯಿತು. ಮಳೆ ಹನಿಯುತ್ತಿತ್ತು. ಗಚ್ಚಿಯ ಮೇಲಿಟ್ಟ ಎಡೆಯನ್ನು ಕಾಗೆಗಳು ಬಂದು ತಿಂದವು, ಗುರುವಿನ ಮುಖದಲ್ಲಿ ನೆಮ್ಮದಿ ಕಂಡಿತು. ಭಟ್ಟರು ದಕ್ಷಿಣೆ ತೆಗೆದುಕೊಂಡು ಹೋದರು. ಗುರು ಅವರನ್ನು ಬಿಡಲು ಹೋದ. ಅವ್ವ ನಡುಮನೆಯಲ್ಲಿ ಕೂತು, ಉಳಿದ ವಡೆಗಳನ್ನು ಡಬ್ಬಿಗೆ ತುಂಬುತ್ತ ಕೇಳಿದಳು.

"ಎಷ್ಟೊತ್ತಿಗೆ ಹೋದ್ರು?"

ನನಗೆ ತಿಳಿಯಲಿಲ್ಲ ಎನ್ನುವಂತೆ ಅವಳ ಮುಖ ನೋಡಿದೆ.

"ಯಾವ ಪಂಚಾಂಗ ತಗದ್ರೂ ಹನ್ನೊಂದಕ್ಕ ಚೌತಿ ಬರೂದಿಲ್ಲ ಸುಮಾ. ಗಳಿಗಿ ಹಿಂದ ಮುಂದ ಆಗ್ತದ, ಅರ್ಧ ದಿನ ಆಗೂದಿಲ್ಲ. ಅವತ್ತ ಚೌತಿ ಹತ್ತಿದ್ದು ಮಧ್ಯಾಹ್ನ ಒಂದರ ಮ್ಯಾಲೆ. ಸಂಕಷ್ಟಿ ಹಿಡದಾಕಿ ನಾ. ನನಗ ಗೊತ್ತಾಗೂದಿಲ್ಲೇನು? ಚೌತಿಗೆ ಹೋಗ್ಯಾರಂದ್ರ ಒಂದರ ತನಕ ಅಂತೂ ಇದ್ರು. ಅಲ್ಲಿಂದ ಮುಂದಿಂದು ನೀ ಹೇಳು."

ಒಂದು ವಾರದಿಂದ ಅವಳಿಗೆ ಗೊತ್ತಿತ್ತು. ಭಟ್ಟರು ಚೌತಿ ಎಂದ ಆ ಗಳಿಗೆಯಲ್ಲೇ, ಅಕ್ಕಿ ಆರಿಸುತ್ತಲೇ, ಅವಳು ಲೆಕ್ಕ ಹಾಕಿ ಮುಗಿಸಿದ್ದಳು. ಆ ವಾರವೆಲ್ಲ ನಮ್ಮ ಮುಂದೆ ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಮಾಸಿಕದ ಅಡಿಗೆಗೆ ಸಾಮಾನು ಹೊಂದಿಸಿದಳು.

"ಐದರ ಸುಮಾರಿಗೆ," ಎಂದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. "ಎಚ್ಚರ ಇತ್ತೇನು ಅವರಿಗೆ?"

"ಇಲ್ಲವ್ವಾ. ಬಿದ್ದ ಕೂಡ್ಲೇ ಎಚ್ಚರ ತಪ್ಪ್ಯದ. ಗಡಿಯಾರದಾಗ ಗೊತ್ತಾಗ್ತದ ಅದೆಲ್ಲಾ."

ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ತಲೆಯಾಡಿಸಿದಳು. ಆಮೇಲೆ, ಯಾರಿಗೋ ಅಡಿಗೆಯ ಕ್ರಮ ಹೇಳುವ ಹಾಗೆ ನಿಧಾನಕ್ಕೆ ಹೇಳಿದಳು.

"ಅವತ್ತ ಮೂರಕ್ಕ ನಾ ಚಾ ಮಾಡ್ಕೊಂಡೆ. ಮಳಿ ಜೋರಾತು. ಎಲ್ಲಿ ಇದ್ದಾರೋ, ಒಂದು ಫೋನ್ ಹಚ್ಚೋಣಂತ ಕೈಯಾಗ ತಗೊಂಡೆ. ಗಾಡಿ ಮ್ಯಾಲ ಇರ್ತಾರ, ಫೋನ್ ಎತ್ಲಿಕ್ಕೆ ಹೋಗಿ ಎಲ್ಲೆರೆ ಬಿದ್ದಾರು ಅನ್ನಿಸ್ತು. ಮತ್ತ ಕೆಳಗ ಇಟ್ಟೆ."